ರೈಲಿಗೆ ದುಡ್ಡು ಯಾರು ಹಾಕಬೇಕು? ಟಿಕೆಟ್ ಹಣ ಲೆಕ್ಕದಿಂದ ಬಿದ್ದುಹೋಗುವ ಜಾಗ

ಬೆಂಗಳೂರಿನ ಅಂಚಿನ ಮಾದಾವರದಿಂದ ತುಮಕೂರಿಗೆ ಮೆಟ್ರೊ ಬೇಕೋ, ಉಪನಗರ ರೈಲು ಬೇಕೋ, ಇರುವ ಹಳಿಯ ಮೇಲೆಯೇ ಇನ್ನಷ್ಟು ಮೆಮು (ಕಡಿಮೆ ದೂರದ ವಿದ್ಯುತ್ ರೈಲು) ಓಡಿಸಿದರೆ ಸಾಕೋ ಎಂಬ ವಾದ ನಮ್ಮೂರಲ್ಲಿ ನಡೆಯುತ್ತಲೇ ಇದೆ. ಸಾರ್ವಜನಿಕ ಹಣಕಾಸು ಪರೀಕ್ಷೆಗೆ ಓದುತ್ತಿರುವ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದಿಲ್ಲ. ಓದಿದ್ದು ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಬೇಗ ಮುಗಿಸುವ ಭಾಗ

ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರ ಹಂಚುವ ಪಟ್ಟಿಗಳಿರುವುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ. ರೈಲ್ವೆ ಕೇಂದ್ರ ಪಟ್ಟಿಯ 22ನೇ ನಮೂದು. ರಾಜ್ಯ ಪಟ್ಟಿಯಲ್ಲಿ ನೋಡಬೇಕಾದ್ದು 54 (ಪೆಟ್ರೋಲ್, ಡೀಸೆಲ್ ಮಾರಾಟ ತೆರಿಗೆ). ಇದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ. 1924ರಿಂದ ಬೇರೆಯಾಗಿದ್ದ ರೈಲ್ವೆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್ಟಿನೊಳಗೆ ಸೇರಿತು. 2025–26ರಲ್ಲಿ ರೈಲ್ವೆಯ ಬಂಡವಾಳ ವೆಚ್ಚಕ್ಕೆ ಕೇಂದ್ರ ಬಜೆಟ್ಟಿನಿಂದ ಇಟ್ಟದ್ದು 2.52 ಲಕ್ಷ ಕೋಟಿ ರೂಪಾಯಿ.

ಹಳಿ ಹಾಕುವ ದುಡ್ಡು ಬೇರೆ, ರೈಲು ಓಡಿಸುವ ದುಡ್ಡು ಬೇರೆ. ನಿರ್ವಹಣಾ ಅನುಪಾತ ಎಂದು ಪ್ರಶ್ನೆ ಬಂದರೆ ಅದು ಎರಡನೆಯದು: 2023–24ರಲ್ಲಿ ನೂರು ರೂಪಾಯಿ ಗಳಿಸಲು ರೈಲ್ವೆ ಸುಮಾರು 98.43 ರೂಪಾಯಿ ಖರ್ಚು ಮಾಡಿತು. ಪ್ರಯಾಣಿಕರ ಕಡೆಯ ನಷ್ಟವನ್ನು ಗೂಡ್ಸ್ ಗಾಡಿಗಳ ಗಳಿಕೆ ತುಂಬುತ್ತದೆ.

ಶೇ 57

ರೈಲು ಟಿಕೆಟ್ ಮೇಲೆ ಒಂದು ಸಾಲು ಅಚ್ಚಾಗುತ್ತಿದ್ದುದು ನೆನಪಿರಬಹುದು: ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ರೈಲ್ವೆಗೆ ವಾಪಸ್ ಬರುತ್ತದೆ ಎಂದು. ‘ರೈಲು ನಷ್ಟದ ಬಾಬ್ತು, ಅದಕ್ಕೆ ಇನ್ನೂ ಯಾಕೆ ಸುರಿಯಬೇಕು’ ಎನ್ನುವವರೆಲ್ಲ ನಿಲ್ಲುವುದು ಈ ಸಾಲಿನ ಮೇಲೆ. ಸಂಖ್ಯೆ ಸರಿಯೇ ಎನ್ನೋಣ. ಆದರೆ ಅದು ಒಂದೇ ಒಂದು ಖಾತೆಯ ಸಂಖ್ಯೆ.

ಎರಡು ದರಗಳು: ಇಲ್ಲಿ ನಿಧಾನವಾಗಿ ಓದಿ

ಯಾವ ಯೋಜನಾ ವರದಿ ತೆರೆದರೂ ಎರಡು ದರ ಕಾಣುತ್ತವೆ. ಎಫ್‌ಐಆರ್‌ಆರ್ ಎಂದರೆ ಯೋಜನೆ ನಡೆಸುವ ಸಂಸ್ಥೆಗೆ ಹಾಕಿದ ದುಡ್ಡಿನ ಮೇಲೆ ಬರುವ ಆದಾಯದ ದರ. ಇಐಆರ್‌ಆರ್ ಎಂದರೆ ಇಡೀ ಸಮಾಜಕ್ಕೆ ಬರುವ ಪ್ರಯೋಜನದ ದರ. 2017ರ ಮೆಟ್ರೊ ರೈಲು ನೀತಿಯು ಒಪ್ಪಿಗೆಗೆ ಬೇಕಾದ ಅಳತೆಯನ್ನು ಮೊದಲಿನ ಶೇ 8 ಎಫ್‌ಐಆರ್‌ಆರ್‌ನಿಂದ ಶೇ 14 ಇಐಆರ್‌ಆರ್‌ಗೆ ಬದಲಿಸಿತು. ಇಷ್ಟನ್ನು ಬಾಯಿಪಾಠ ಮಾಡುವುದು ಸುಲಭ. ಕಷ್ಟವಿರುವುದು ಮುಂದಿನ ವಾಕ್ಯದಲ್ಲಿ: ಇಐಆರ್‌ಆರ್ ಲೆಕ್ಕದಲ್ಲಿ ಟಿಕೆಟ್ ಹಣ ಪ್ರಯೋಜನವಲ್ಲ, ತೆರಿಗೆ ವೆಚ್ಚವಲ್ಲ. ಜನ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು? ನಾನು ತುಂಬ ಹೊತ್ತು ಕೂತದ್ದು ಈ ಪ್ರಶ್ನೆಯ ಮೇಲೆ.

ಒಬ್ಬ ಮನುಷ್ಯನನ್ನು ಇಟ್ಟುಕೊಂಡು ಲೆಕ್ಕ ಮಾಡಿದರೆ ಬಿಡಿಸಿಕೊಳ್ಳುತ್ತದೆ. ಇಲ್ಲಿನ ಸಂಖ್ಯೆಗಳು ಲೆಕ್ಕಕ್ಕೆಂದು ನಾನು ಹಿಡಿದವು.

ತುಮಕೂರಿನಿಂದ ಯಶವಂತಪುರಕ್ಕೆ ಒಬ್ಬರೇ ಕಾರಿನಲ್ಲಿ ಹೋಗುವವರು. ಪೆಟ್ರೋಲ್ 500 ರೂಪಾಯಿ, ಅದರೊಳಗೆ ತೆರಿಗೆ 200. ಟೈರು, ಎಂಜಿನ್ ಸವೆತ 100. ಟೋಲ್ 100. ಅವರ ಜೇಬಿನಿಂದ ಒಟ್ಟು 700. ಕಾರು ಓಡಿದ್ದರಿಂದ ರಸ್ತೆ ಸವೆದದ್ದು 10 ರೂಪಾಯಿಯಷ್ಟು ಎನ್ನೋಣ. ನಾಳೆಯಿಂದ ಅವರು ರೈಲು ಹತ್ತುತ್ತಾರೆ. ಟಿಕೆಟ್ 20, ಅವರನ್ನು ಒಯ್ಯಲು ರೈಲ್ವೆಗೆ ತಗಲುವುದು 35. (20ನ್ನು 35ರಿಂದ ಭಾಗಿಸಿದರೆ ಅದೇ ಶೇ 57.)

ಈಗ ನಾಲ್ಕು ಖಾತೆ ಬರೆಯಿರಿ.

ಪ್ರಯಾಣಿಕ: 700 ಹೋಗುತ್ತಿದ್ದಲ್ಲಿ 20 ಹೋಯಿತು. ಉಳಿತಾಯ 680.
ರೈಲ್ವೆ: 20 ಬಂತು, 35 ಹೋಯಿತು. ನಷ್ಟ 15.
ಸರ್ಕಾರ: ಬರುತ್ತಿದ್ದ ಇಂಧನ ತೆರಿಗೆ ನಿಂತಿತು. ನಷ್ಟ 200.
ಟೋಲ್ ಕಂಪನಿ: 100 ತಪ್ಪಿತು, ರಸ್ತೆ ಸವೆತದ 10 ಉಳಿಯಿತು. ನಷ್ಟ 90.

ಕೂಡಿಸಿ: 680ರಲ್ಲಿ 15, 200, 90 ಕಳೆದರೆ 375.

ಇದನ್ನೇ ಇನ್ನೊಂದು ದಾರಿಯಲ್ಲಿ ನೋಡಿ. ನಿಜವಾಗಿ ಸುಟ್ಟದ್ದು, ಸವೆದದ್ದು ಮಾತ್ರ ಹಿಡಿಯಿರಿ. ಕಾರಿನ ಪ್ರಯಾಣಕ್ಕೆ ತೆರಿಗೆ ಬಿಟ್ಟು ಇಂಧನ 300, ಕಾರಿನ ಸವೆತ 100, ರಸ್ತೆ ಸವೆತ 10, ಒಟ್ಟು 410. ರೈಲಿಗೆ 35. ವ್ಯತ್ಯಾಸ 375. ಎರಡು ದಾರಿಯಲ್ಲೂ ಒಂದೇ ಉತ್ತರ! ಟಿಕೆಟ್, ತೆರಿಗೆ, ಟೋಲ್ ಮೂರೂ ಒಬ್ಬರ ಖಾತೆಯಲ್ಲಿ ಕಳೆದು ಇನ್ನೊಬ್ಬರ ಖಾತೆಯಲ್ಲಿ ಕೂಡುವುದರಿಂದ ಒಟ್ಟು ಮಾಡುವಾಗ ತಾವೇ ಬಿದ್ದುಹೋಗುತ್ತವೆ. ಅವು ವರ್ಗಾವಣೆಗಳು. ಪರೀಕ್ಷೆಯಲ್ಲಿ ಸಂದೇಹ ಬಂದರೆ ನಾಲ್ಕು ಖಾತೆ ಬರೆದು ಕೂಡಿಸಿಬಿಡಿ. ಯಾವ ಸೂತ್ರವನ್ನೂ ನೆನಪಿಡಬೇಕಾಗಿಲ್ಲ. ನನಗೆ ಸಿಕ್ಕಿದ ಅತ್ಯುತ್ತಮ ಅಡ್ಡದಾರಿ ಇದೇ.

ಇದಾದ ಮೇಲೆ ಸಮಯ. ಮನೆಯಿಂದ ಸ್ಟೇಷನ್ನಿಗೆ ಆಟೊ, ಕಾಯುವುದು ಎಲ್ಲ ಸೇರಿ ರೈಲಿನಲ್ಲಿ ಅರ್ಧ ಗಂಟೆ ಹೆಚ್ಚಾಯಿತು, ಗಂಟೆಗೆ 100 ರೂಪಾಯಿ ಬೆಲೆ ಎಂದು ಹಿಡಿದರೆ 50 ಕಳೆಯಬೇಕು. 325 ಉಳಿಯಿತು. ಹೆದ್ದಾರಿಯಲ್ಲಿ ತಪ್ಪಿದ ಅಪಘಾತ, ಕಡಿಮೆಯಾದ ಹೊಗೆಯನ್ನು ಇದಕ್ಕೆ ಸೇರಿಸಬೇಕು.

ಆದರೆ ಈ 325 ಕಾರು ಬಿಟ್ಟು ಬಂದವರಿಗೆ ಮಾತ್ರ. ಬಸ್ಸು ಬಿಟ್ಟು ಬಂದವರಲ್ಲಿ ಉಳಿತಾಯ ತೀರಾ ಕಡಿಮೆ. ಈಗಾಗಲೇ ಪಾಸ್ ಮಾಡಿಸಿ ರೈಲಿನಲ್ಲಿ ನಿಂತು ಹೋಗುವವರು ಹೊಸ ರೈಲಿಗೆ ಬಂದರೆ ಸಿಗುವುದು ಕೂರಲು ಜಾಗ. ಅದೂ ಪ್ರಯೋಜನವೇ, ಆದರೆ ಪೆಟ್ರೋಲ್ ಉಳಿತಾಯವಲ್ಲ. ಮೊದಲು ಪ್ರಯಾಣವನ್ನೇ ಮಾಡದೆ ಈಗ ಹೊರಟವರಿಗೆ ಪ್ರಯೋಜನದ ಅರ್ಧ ಹಿಡಿಯುವುದು ರೂಢಿ. ‘ಇಷ್ಟು ಲಕ್ಷ ಜನ ಹತ್ತುತ್ತಾರೆ’ ಎಂದು ಯಾರಾದರೂ ಹೇಳಿದರೆ, ಅವರು ಯಾವುದರಿಂದ ಇಳಿದು ಬಂದವರು ಎಂದು ಕೇಳಿ.

ಶಕ್ತಿ ಯೋಜನೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಸೊನ್ನೆ. ಡೀಸೆಲ್, ಚಾಲಕರ ಸಂಬಳ ಸೊನ್ನೆಯಾಗಿಲ್ಲ. ಆ ದುಡ್ಡನ್ನು ರಾಜ್ಯ ಸರ್ಕಾರ ನಿಗಮಗಳಿಗೆ ತುಂಬಿಕೊಡುತ್ತದೆ. ಬಸ್ಸು ಬಿಟ್ಟು ರೈಲು ಹತ್ತುವ ಹೆಣ್ಣುಮಗಳಿಗೆ 20 ರೂಪಾಯಿ ಹೊಸ ಖರ್ಚು. ಹಾಗಾಗಿ ತುಮಕೂರು ಮಾರ್ಗಕ್ಕೆ ಎಷ್ಟು ಜನ ಬರುತ್ತಾರೆಂಬ ಅಂದಾಜಿನಲ್ಲಿ ಗಂಡಸರನ್ನೂ ಹೆಂಗಸರನ್ನೂ ಒಂದೇ ಗುಂಪಾಗಿ ಎಣಿಸುವ ವರದಿಯನ್ನು ನಾನು ನಂಬುವುದಿಲ್ಲ.

ರಾಜ್ಯದ ಖಾತೆ

ಗುರುತು ಹಾಕಿದ ನಮೂದಿಗೆ ಬನ್ನಿ. ಮೇಲಿನ 200 ರೂಪಾಯಿ ತೆರಿಗೆಯಲ್ಲಿ ಒಂದು ಪಾಲು ಕೇಂದ್ರದ ಅಬಕಾರಿ ಸುಂಕ, ಇನ್ನೊಂದು ಪಾಲು ರಾಜ್ಯದ ಮಾರಾಟ ತೆರಿಗೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ದರವನ್ನು ಶೇ 29.84ಕ್ಕೆ ಏರಿಸಿತು. ಕಾರಿನವರು ರೈಲು ಹತ್ತಿದರೆ ರಾಜ್ಯ ಆ ತೆರಿಗೆ ಕಳೆದುಕೊಳ್ಳುತ್ತದೆ, ಟಿಕೆಟ್ ಹಣ ರೈಲ್ವೆಗೆ ಹೋಗುತ್ತದೆ. ತುಮಕೂರು–ರಾಯದುರ್ಗ, ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ಮಾರ್ಗಗಳು, ರಾಜ್ಯ ಜಮೀನನ್ನು ಪುಕ್ಕಟೆ ಕೊಟ್ಟು ವೆಚ್ಚದ ಅರ್ಧ ಹೊರುವ ಒಪ್ಪಂದದ ಮೇಲೆ ಮಂಜೂರಾದವು. ಆದರೂ ಹಳಿ ರೈಲ್ವೆಯದೇ. ಸಮಾಜದ ಲೆಕ್ಕದಲ್ಲಿ 325 ಲಾಭವಿರುವಾಗಲೂ ರಾಜ್ಯದ ಖಾತೆಯಲ್ಲಿ ಬರೀ ಖರ್ಚು ಕಾಣುವುದು ಹೀಗೆ.

ಹಾಗೆಂದು ರಾಜ್ಯ ಕೈಬಿಡಬೇಕು ಎನ್ನುವ ಪಕ್ಷ ನನ್ನದಲ್ಲ. ಈ ಮಾರ್ಗಗಳು ಹಾಯುವ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಜನ ಇಷ್ಟು ವರ್ಷ ಬಸ್ಸು, ಬೈಕು, ಕಾರನ್ನೇ ನಂಬಿ ಬದುಕಿದ್ದಾರೆ. ದುಡ್ಡು ಹಾಕಲಿ, ಪಾಲನ್ನೂ ಕೇಳಲಿ. ಬೆಂಗಳೂರು ಉಪನಗರ ರೈಲಿನಲ್ಲಿ ಅಂಥ ಮಾದರಿ ಇದೆ: 148.17 ಕಿ.ಮೀ., 2020ರಲ್ಲಿ ಒಪ್ಪಿಗೆಯಾದಾಗ 15,767 ಕೋಟಿ ರೂಪಾಯಿ. ರಾಜ್ಯ ಶೇ 20, ಕೇಂದ್ರ ಶೇ 20, ಉಳಿದ ಶೇ 60 ಸಾಲ. ನಡೆಸುವ ಕೆ-ರೈಡ್ ಸಂಸ್ಥೆಯಲ್ಲಿ ರಾಜ್ಯದ ಪಾಲು ಶೇ 51, ರೈಲ್ವೆ ಸಚಿವಾಲಯದ್ದು ಶೇ 49.

ಯಾವುದರ ಜೊತೆ ಹೋಲಿಕೆ?

ಇಐಆರ್‌ಆರ್‌ಗೆ ಇನ್ನೊಂದು ಬದಿ ಬೇಕು: ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು. ಮಾದಾವರ–ತುಮಕೂರು ಮೆಟ್ರೊವನ್ನು ‘ಏನೂ ಮಾಡದಿದ್ದರೆ’ ಎಂಬುದರ ಪಕ್ಕ ಇಟ್ಟರೆ ಅದು ಚೆನ್ನಾಗಿಯೇ ಕಾಣುತ್ತದೆ. ಜೋಡಿ ಹಳಿಯ ಮೇಲೆ ಹೆಚ್ಚುವರಿ ಮೆಮು ಓಡಿಸುವುದರ ಪಕ್ಕ ಇಟ್ಟು ನೋಡಿ. ನಿಲ್ಲುತ್ತಾ ಹೋಗುವ ಮೆಟ್ರೊದ ಸರಾಸರಿ ವೇಗವನ್ನು ಗಂಟೆಗೆ 35 ಕಿ.ಮೀ. ಎಂದು ಹಿಡಿದರೆ, 60 ಕಿ.ಮೀ. ಹತ್ತಿರದ ದಾರಿಗೆ ಒಂದೂಮುಕ್ಕಾಲು ಗಂಟೆ ಬೇಕು, ಅದೂ ಮಾದಾವರದವರೆಗೆ ಮಾತ್ರ. ಅಲ್ಲಿಂದ ಮೆಜೆಸ್ಟಿಕ್ ಇನ್ನೂ ದೂರ. ಇಂಥ ಲೆಕ್ಕಗಳಲ್ಲಿ ದೊಡ್ಡ ಪ್ರಯೋಜನ ಸಾಮಾನ್ಯವಾಗಿ ಸಮಯದ ಉಳಿತಾಯ. ಇಲ್ಲಿ ಅದೇ ಕಳೆಯುವ ಕಡೆಗೆ ಹೋಗಬಹುದು. ದಾರಿಯುದ್ದಕ್ಕೂ ನೆಲಮಂಗಲ, ದಾಬಸ್‌ಪೇಟೆಯಂಥ ಕಡೆ ಹತ್ತಿ ಇಳಿಯುವವರ ಲೆಕ್ಕ ಬೇರೆ, ಮೆಟ್ರೊ ಪರ ವಾದಕ್ಕೆ ಬಲವಿರುವುದು ಅಲ್ಲಿ.

2017ರ ನೀತಿಯಲ್ಲೇ ಪರ್ಯಾಯಗಳ ವಿಶ್ಲೇಷಣೆ ಕಡ್ಡಾಯ. ತುಮಕೂರು ಮಾರ್ಗದ ವರದಿ ಕೈಗೆ ಸಿಕ್ಕಾಗ ನಾವು ಮೊದಲು ತೆರೆಯಬೇಕಾದ ಅಧ್ಯಾಯ ಅದು; ಕೊನೆಯ ಪುಟದ ಶೇಕಡಾ ದರವನ್ನು ಆಮೇಲೆ ನೋಡಿದರಾಯಿತು.