ಪನ್ನೀರಿನ ಮೇಲೆ ತೇಲಿದ ಜಿಡ್ಡು

ಸುಗಂಧದ ಹುಚ್ಚು ಯಾರಿಗಿರಲಿಲ್ಲ ಹೇಳಿ? ಈಜಿಪ್ಟಿನವರು, ಗ್ರೀಕರು, ನಮ್ಮವರು, ಎಲ್ಲರೂ ಹೂವು-ಬೇರುಗಳನ್ನು ಎಣ್ಣೆಯಲ್ಲೋ ಕೊಬ್ಬಿನಲ್ಲೋ ನೆನೆಹಾಕಿ ಪರಿಮಳ ಇಳಿಸುತ್ತಿದ್ದರು. ಭಟ್ಟಿ ಇಳಿಸುವ ವಿದ್ಯೆ ಅಲೆಕ್ಸಾಂಡ್ರಿಯದ ರಸವಾದಿಗಳಿಗೂ ಗೊತ್ತಿತ್ತು. ಅದನ್ನು ದೊಡ್ಡ ಕಸುಬಾಗಿ ಬೆಳೆಸಿದ್ದು ಮಾತ್ರ ಇಸ್ಲಾಮಿ ಜಗತ್ತು. ಗಿರಾಕಿಗಳಿಗೇನೂ ಕೊರತೆ ಇರಲಿಲ್ಲ. ಶುಕ್ರವಾರದ ನಮಾಜಿಗೆ ಮುಂಚೆ ಸ್ನಾನ ಮಾಡಿ ಸುಗಂಧ ಹಚ್ಚಿಕೊಳ್ಳುವುದು ಸುನ್ನತ್, ಅಂದರೆ ಪ್ರವಾದಿ ಹಾಕಿಕೊಟ್ಟ ಪದ್ಧತಿ, ಹಾಗಾಗಿ ಇದು ಬರೀ ಅರಮನೆಯ ಶೋಕಿ ಆಗಿರಲಿಲ್ಲ.

9ನೇ ಶತಮಾನದ ಬಾಗ್ದಾದಿನ ತತ್ವಜ್ಞಾನಿ ಅಲ್-ಕಿಂದಿಯ ಹೆಸರಿನಲ್ಲಿ ಸುಗಂಧ ಮತ್ತು ಭಟ್ಟಿ ಇಳಿಸುವಿಕೆಯ ಬಗ್ಗೆ ಒಂದು ಪುಸ್ತಕವಿದೆ. ಅದರಲ್ಲಿ ನೂರಕ್ಕೂ ಹೆಚ್ಚು ಪಾಕವಿಧಾನಗಳಿವೆ. ದುಬಾರಿ ಕಸ್ತೂರಿಯಂಥ ಸರಕಿಗೆ ನಕಲಿ ತಯಾರಿಸುವ ವಿಧಾನಗಳೂ ಇವೆ! ಪರ್ಶಿಯಾದ ಫಾರ್ಸ್ ಪ್ರಾಂತ್ಯ ಬಾಗ್ದಾದಿನ ಖಲೀಫರಿಗೆ 30,000 ಬಾಟಲಿ ಪನ್ನೀರನ್ನು ಕಪ್ಪವಾಗಿ ಕೊಡುತ್ತಿತ್ತು ಎಂದು ಇತಿಹಾಸಕಾರ ಇಬ್ನ್ ಖಲ್ದೂನ್ ಬರೆದಿದ್ದಾನೆ. 1187ರಲ್ಲಿ ಜೆರುಸಲೇಮ್ ಗೆದ್ದ ಸುಲ್ತಾನ ಸಲಾದೀನ್ ಅಲ್ಲಿನ ಪವಿತ್ರ ಸ್ಥಳಗಳನ್ನು ತೊಳೆಸಿದ್ದೂ ಪನ್ನೀರಿನಲ್ಲೇ.

ಇಲ್ಲಿ ಒಂದು ಮಜಾ ಇದೆ. ಗುಲಾಬಿಯ ಪರಿಮಳಕ್ಕೆ ಕಾರಣವಾದ ಜೆರೇನಿಯೋಲ್, ಸಿಟ್ರೊನೆಲ್ಲೋಲ್ ಎಂಬ ಎಣ್ಣೆಯಂಶಗಳು ಕುದಿಯುವುದು 220 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅಷ್ಟು ಬಿಸಿ ಕೊಟ್ಟರೆ ಹೂವು ಸುಟ್ಟು ಕರಕಲಾಗುತ್ತದೆ ಅಲ್ವಾ? ಆದರೆ ಜೊತೆಗೆ ನೀರಿದ್ದರೆ ಕತೆಯೇ ಬೇರೆ. ನೀರಿನ ಆವಿ, ಎಣ್ಣೆಯ ಆವಿ ಎರಡರ ಒತ್ತಡವೂ ಸೇರಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಕುದಿ ಶುರು. ಹಾಗಾಗಿ 100 ಡಿಗ್ರಿಗಿಂತ ಸ್ವಲ್ಪ ಕೆಳಗೇ ಎಣ್ಣೆ ನೀರಿನ ಜೊತೆ ಹೊರಟುಬಿಡುತ್ತದೆ. ತಣಿದಾಗ ಒಂದಷ್ಟು ಪರಿಮಳ ನೀರಲ್ಲೇ ಕರಗಿ ಪನ್ನೀರಾಗುತ್ತದೆ, ಕರಗದ ಎಣ್ಣೆ ಮೇಲೆ ತೇಲುತ್ತದೆ.

ಆ ತೇಲುವ ಎಣ್ಣೆಯ ಬಗ್ಗೆ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಖುಷಿಯಿಂದ ಬರೆದಿದ್ದಾನೆ. ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಬಿಸಿ ಪನ್ನೀರನ್ನು ತಟ್ಟೆಗಳಿಗೆ ಸುರಿದಾಗ ಮೇಲೆ ಜಿಡ್ಡು ಕಟ್ಟುವುದನ್ನು ಗಮನಿಸಿ, ಸ್ವಲ್ಪ ಸ್ವಲ್ಪವೇ ತೆಗೆದು ಕೂಡಿಟ್ಟಳಂತೆ. ಒಂದೇ ಹನಿ ಅಂಗೈಗೆ ಉಜ್ಜಿದರೆ ಇಡೀ ಸಭೆ ಘಮಘಮ. ಬಾದಶಹ ಅವಳಿಗೆ ಮುತ್ತಿನ ಹಾರ ಕೊಟ್ಟ. ಗುಲಾಬಿ ಎಣ್ಣೆಯನ್ನು ಕಂಡುಹಿಡಿದವಳು ಇವಳೇ ಎನ್ನುವುದು ನನಗೆ ಸ್ವಲ್ಪ ಅತಿ ಅನಿಸುತ್ತದೆ, ಅಷ್ಟು ಶತಮಾನ ಪನ್ನೀರು ಇಳಿಸಿದವರ ಕಣ್ಣಿಗೆ ಈ ಜಿಡ್ಡು ಬೀಳದೇ ಇರುತ್ತಾ? ಆದರೂ ಅವಳ ತಾಳ್ಮೆ ದೊಡ್ಡದು, ಯಾಕೆಂದರೆ ಒಂದು ಕಿಲೋ ಎಣ್ಣೆಗೆ ಮೂರ್ನಾಲ್ಕು ಟನ್ ಹೂವು ಬೇಕು.

ನಮ್ಮ ಬಿಜಾಪುರವೂ ಹಿಂದೆ ಬಿದ್ದಿರಲಿಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಸುಗಂಧದ ಬಗ್ಗೆಯೇ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಪರ್ಶಿಯನ್ ಗ್ರಂಥ ಹುಟ್ಟಿತು.

ಉತ್ತರ ಪ್ರದೇಶದ ಕನೌಜಿನಲ್ಲಿ ಇವತ್ತಿಗೂ ತಾಮ್ರದ ಹಂಡೆಗೆ ಹೂವು, ನೀರು ತುಂಬಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಬಿದಿರಿನ ಕೊಳವೆಯಿಂದ ಆವಿಯನ್ನು ಇನ್ನೊಂದು ಪಾತ್ರೆಗೆ ಕಳಿಸುತ್ತಾರೆ. ತಣ್ಣೀರಿನ ತೊಟ್ಟಿಯಲ್ಲಿ ಕೂತಿರುವ ಆ ಪಾತ್ರೆಯಲ್ಲಿ ಮೊದಲೇ ಗಂಧದೆಣ್ಣೆ ಹಾಕಿರುವುದು ಹಳೇ ಪದ್ಧತಿ. ಗಂಧದೆಣ್ಣೆ ಬೇಗ ಆರುವುದಿಲ್ಲ, ತನ್ನೊಳಗೆ ಸೇರಿದ ಹೂವಿನ ಪರಿಮಳವನ್ನೂ ಬೇಗ ಹಾರಿಹೋಗಲು ಬಿಡುವುದಿಲ್ಲ. ಶ್ರೀಗಂಧ ಕೈಗೆಟುಕದ ಬೆಲೆಯಾದ ಮೇಲೆ ಅಲ್ಲೂ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ ಲಿಕ್ವಿಡ್ ಪ್ಯಾರಾಫಿನ್ ಬಂದು ಕೂತಿದೆ. ಅಗ್ಗವೇನೋ ಹೌದು, ಆದರೆ ಅದಕ್ಕೆ ತನ್ನದೇ ಅಂತ ಒಂದು ಪರಿಮಳ ಇಲ್ಲ.