ಕುಸಿಯುವ ಮುನ್ನ ಸೊಂಟ ಉಳಿಸುವ ಮೂಳೆ ಕಸಿ

ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಮೂವತ್ತೈದರ ಗಂಡಸಿಗೆ ತೊಡೆಸಂದು ನೋಯತೊಡಗಿದರೆ ಮೊದಲು ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ. ಆಮೇಲೆ ಬೆನ್ನಿನ ಎಕ್ಸ್‌ರೇ, ಮಂಡಿಯ ಎಕ್ಸ್‌ರೇ. ಎರಡರಲ್ಲೂ ಏನೂ ಸಿಗುವುದಿಲ್ಲ. ಸೊಂಟದ ಕೀಲಿನ ನೋವು ಎಷ್ಟೋ ಸಲ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಎರಡಕ್ಕೂ ಹೋಗುವ ನರಗಳು ಒಂದೇ. ಕೊನೆಗೆ ಸೊಂಟದ ಎಕ್ಸ್‌ರೇ ತೆಗೆಸಿದರೂ ಶುರುವಿನ ಹಂತದಲ್ಲಿ ಅದು ಚೊಕ್ಕವಾಗಿಯೇ ಇರುತ್ತದೆ. ಹೀಗೆ ತಿಂಗಳುಗಳು ಕೈಬಿಟ್ಟು ಹೋಗುತ್ತವೆ. ಸೊಂಟ ಉಳಿಸಲು ಸಾಧ್ಯವಿದ್ದದ್ದು ಆ ತಿಂಗಳುಗಳಲ್ಲೇ.

ಕಾಯಿಲೆಯ ಹೆಸರು ಆಸ್ಟಿಯೋನೆಕ್ರೋಸಿಸ್, ಅಂದರೆ ರಕ್ತ ನಿಂತು ಮೂಳೆ ಸಾಯುವುದು. ಓಪಿಡಿಯಲ್ಲಿ ಎಲ್ಲರ ಬಾಯಲ್ಲೂ ಎವಿಎನ್ (ಅವ್ಯಾಸ್ಕುಲರ್ ನೆಕ್ರೋಸಿಸ್). ಸೊಂಟದ ಬಟ್ಟಲಿನೊಳಗೆ ಕೂತಿರುವ ತೊಡೆಮೂಳೆಯ ಗುಂಡು ತಲೆಗೆ ರಕ್ತ ಬರುವುದು ಬಹುಮಟ್ಟಿಗೆ ಆ ಮೂಳೆಯ ಕತ್ತಿಗೆ ಅಂಟಿಕೊಂಡು ಮೇಲೇರುವ ಸಣ್ಣ ನಾಳಗಳಿಂದ. ಬೈಕಿನಿಂದ ಬಿದ್ದು ಆ ಕತ್ತು ಮುರಿದರೆ, ಕೀಲು ತಪ್ಪಿದರೆ ನಾಳಗಳು ಹರಿಯುತ್ತವೆ. ಪೆಟ್ಟೇ ಬೀಳದೆಯೂ ರಕ್ತ ನಿಲ್ಲಬಹುದು: ವರ್ಷಗಟ್ಟಲೆಯ ಕುಡಿತ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ, ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್. ಕೋವಿಡ್ ಕಾಲದಲ್ಲಿ ಸ್ಟಿರಾಯ್ಡ್ ಅನೇಕರ ಜೀವ ಉಳಿಸಿತು. ಅವರಲ್ಲಿ ಕೆಲವರು ತಿಂಗಳುಗಳ ಬಳಿಕ ಸೊಂಟ ಹಿಡಿದುಕೊಂಡು ಆಸ್ಪತ್ರೆಗೆ ಬಂದರು.

ನನಗೆ ತೀರಾ ವಿಚಿತ್ರವೆನಿಸುವ ಸಂಗತಿ ಇದು: ಸತ್ತ ಮೂಳೆ ಸತ್ತ ಕೂಡಲೇ ಕುಸಿಯುವುದಿಲ್ಲ. ಜೀವಕೋಶಗಳು ಹೋದರೂ ಖನಿಜದ ಚೌಕಟ್ಟು ಹಾಗೇ ನಿಂತು ಭಾರ ಹೊರುತ್ತದೆ. ಅಪಾಯ ಶುರುವಾಗುವುದು ದೇಹ ದುರಸ್ತಿಗೆ ಕೈಹಾಕಿದಾಗ. ಅಂಚಿನ ಜೀವಂತ ಮೂಳೆಯಿಂದ ಹೊಸ ನಾಳಗಳು ಒಳಗೆ ಬರುತ್ತವೆ. ಜತೆಗೆ ಬಂದ ಆಸ್ಟಿಯೋಕ್ಲಾಸ್ಟ್ ಕೋಶಗಳು ಸತ್ತದ್ದನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸತನ್ನು ಕಟ್ಟುತ್ತವೆ. ಕರಗಿಸುವುದು ಬೇಗ, ಕಟ್ಟುವುದು ನಿಧಾನ. ಹಳೇ ಮನೆಯ ಮುರಕಲ್ಲಿನ ಗೋಡೆಯಲ್ಲಿ ಹೊಸ ಕಲ್ಲು ಬಂದಿಳಿಯುವ ಮೊದಲೇ ಸವೆದ ಕಲ್ಲುಗಳನ್ನೆಲ್ಲ ಕಿತ್ತುಬಿಟ್ಟರೆ ಮಾಡು ಕುಸಿಯದೆ ಇರುತ್ತದೆಯೇ? ಇಲ್ಲಿ ಆಗುವುದೂ ಅದೇ. ಒಂಟಿ ಕಾಲ ಮೇಲೆ ನಿಂತಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ, 60 ಕಿಲೋ ತೂಗುವವನಿಗೆ 150ರಿಂದ 180 ಕಿಲೋ. ಮೃದ್ವಸ್ಥಿಯ ಅಡಿಯ ತೆಳು ಪದರ ಬಿರಿಯುತ್ತದೆ, ಎಕ್ಸ್‌ರೇಯಲ್ಲಿ ಬಾಗಿದ ಕಪ್ಪು ಗೆರೆ ಮೂಡುತ್ತದೆ, ಗುಂಡು ತಲೆ ಚಪ್ಪಟೆಯಾಗುತ್ತದೆ.

ಮೂಳೆ ಕಸಿ ಮಾಡುವುದು ಇದಕ್ಕೆ ಮೊದಲು. ತೊಡೆಯ ಹೊರಬದಿಯಿಂದ ರಂಧ್ರ ಕೊರೆದು, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ದಾರಿ ನೋಡುತ್ತ ತಲೆಯವರೆಗೆ ಹೋಗಿ, ಸತ್ತ ಭಾಗವನ್ನು ಕೆರೆದು ತೆಗೆಯುತ್ತಾರೆ. ಇದರಿಂದಲೇ ಒಳಗಿನ ಒತ್ತಡ ಇಳಿದು ನೋವು ತಗ್ಗುವುದುಂಟು. ಖಾಲಿಯಾದ ಜಾಗಕ್ಕೆ ರೋಗಿಯದೇ ಮೂಳೆ ತುಂಬುತ್ತಾರೆ. ಬೆಲ್ಟ್ ಕಟ್ಟುವಲ್ಲಿ ಕೈಗೆ ಸಿಗುವ ಸೊಂಟದ ಏಣಿನಿಂದ ತೆಗೆದ ಸ್ಪಂಜಿನಂಥ ಮೂಳೆಯಲ್ಲಿ ಜೀವಕೋಶಗಳು ಹೇರಳ. ಆನಿಕೆ ಬೇಕಿದ್ದರೆ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸಣಕಲು ಮೂಳೆ, ಫಿಬುಲಾ, ಬರುತ್ತದೆ. ಗಟ್ಟಿ ಮೂಳೆಯ ತುಂಡನ್ನು ಹೀಗೆ ಆನಿಸುವ ಬಗೆಯನ್ನು ಅಮೆರಿಕದ ಶಸ್ತ್ರಚಿಕಿತ್ಸಕ ಫೆಮಿಸ್ಟರ್ 1949ರಲ್ಲೇ ವಿವರಿಸಿದ್ದರು. ಆದರೆ ನಾಳವಿಲ್ಲದ ತುಂಡಿಗೂ ಜೀವ ಬರಬೇಕಾದದ್ದು ನೆರೆಯ ಮೂಳೆಯಿಂದಲೇ, ಅದೂ ನಿಧಾನವಾಗಿ.

ರಕ್ತನಾಳ ಸಮೇತ ಕಸಿ ಮಾಡುವ ವಿಧಾನ ಹುಟ್ಟಿದ್ದು ಅದಕ್ಕೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಅರ್ಬನಿಯಾಕ್ 1979ರಿಂದ ಇದನ್ನು ಮಾಡುತ್ತ ಬಂದರು. ಫಿಬುಲಾವನ್ನು ಅದರ ಅಪಧಮನಿ, ಅಭಿಧಮನಿಗಳೊಂದಿಗೆ ಬಿಡಿಸಿ ತಂದು, ತಲೆಯೊಳಗೆ ನಿಲ್ಲಿಸಿ, ತೊಡೆಯ ನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ನಾಳದ ಅಗಲ ಕೆಲವೇ ಮಿಲಿಮೀಟರ್, ದಾರ ಕೂದಲಿಗಿಂತ ತೆಳು. ಹೊಲಿದ ಮೇಲೆ ನಾಳಕ್ಕೆ ಹಾಕಿದ ಕ್ಲಿಪ್ ಸಡಿಲಿಸಿದಾಗ ಕಸಿ ಮೂಳೆಯಿಂದ ರಕ್ತ ಜಿನುಗಬೇಕು. ಎಲ್ಲರೂ ನೋಡುವುದು ಅದನ್ನೇ. ಕೋಲ್ಕತ್ತದ ಡಿ. ಪಿ. ಬಕ್ಷಿ ಬೇರೆ ದಾರಿ ಹಿಡಿದರು: ಮೂಳೆಯ ತುಂಡನ್ನು ಸ್ನಾಯುವಿನಿಂದ ಬಿಡಿಸದೆ, ಅದರ ರಕ್ತದೊಂದಿಗೇ ತಿರುಗಿಸಿ ಕೂರಿಸುವುದು. 1991ರಲ್ಲಿ ಅವರು ಪ್ರಕಟಿಸಿದ ಈ ವಿಧಾನಕ್ಕೆ ನಾಳ ಹೊಲಿಯುವ ಸೂಕ್ಷ್ಮದರ್ಶಕ ಬೇಕಿಲ್ಲ. ನಮ್ಮಂಥ ದೇಶಕ್ಕೆ ಅದು ಸಣ್ಣ ಮಾತಲ್ಲ.

ಕಸಿಯಾದ ಮೇಲೆ ವಾರಗಟ್ಟಲೆ ಆ ಕಾಲೂರುವಂತಿಲ್ಲ, ತಿಂಗಳುಗಟ್ಟಲೆ ಊರುಗೋಲು. ಫಿಬುಲಾ ಕೊಟ್ಟ ಕಾಲಿನಲ್ಲಿ ಕೆಲವರಿಗೆ ಹಿಮ್ಮಡಿಗಂಟಿನ ನೋವು, ಹೆಬ್ಬೆರಳಿನ ಬಿಗಿತ ಉಳಿಯುತ್ತದೆ. ದಿನಗೂಲಿಯವನಿಗೆ ಇದು ದೊಡ್ಡ ಬೆಲೆ. ತಲೆ ಈಗಾಗಲೇ ಚಪ್ಪಟೆಯಾಗಿದ್ದರೆ ಇಷ್ಟೆಲ್ಲ ಕಷ್ಟಕ್ಕೆ ಫಲ ಕಡಿಮೆ, ಆಗ ಕೃತಕ ಕೀಲೇ ಸರಿ. ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ಕೃತಕ ಸೊಂಟಗಳಲ್ಲಿ 25 ವರ್ಷ ಬಾಳುವುದು ನೂರಕ್ಕೆ ಸುಮಾರು 58 ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2019ರ ಅಧ್ಯಯನ ಲೆಕ್ಕಹಾಕಿದೆ. ಎಪ್ಪತ್ತರ ಅಜ್ಜಿಗೆ ಅಷ್ಟು ಸಾಕು. ಮೂವತ್ತೈದರವನಿಗೆ ಮತ್ತೊಂದು ಶಸ್ತ್ರಚಿಕಿತ್ಸೆ ಕಾದಿರುತ್ತದೆ.

ಹಾಗಾಗಿ ಮಂಗಳೂರು, ಉಡುಪಿಯ ಓದುಗರಲ್ಲಿ ಒಂದು ಕೋರಿಕೆ. ಕೃಷ್ಣಮಠದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿಲ್ಲ, ನಡೆದರೆ ತೊಡೆಸಂದು ನೋಯುತ್ತದೆ ಎಂದಾದರೆ, ಹಿಂದೆ ಸ್ಟಿರಾಯ್ಡ್ ತೆಗೆದುಕೊಂಡದ್ದನ್ನೂ ಕುಡಿತವನ್ನೂ ಮುಚ್ಚಿಡದೆ ಮೂಳೆ ಡಾಕ್ಟರಿಗೆ ಹೇಳಿ. ನಡೆಯುತ್ತಿರುವ ಸ್ಟಿರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ, ಅದರಿಂದ ಬೇರೆಯೇ ಅಪಾಯವಿದೆ. ಎಕ್ಸ್‌ರೇ ಸರಿ ಇದ್ದರೂ ಎಂಆರ್‌ಐ ಬೇಕೇ ಎಂದು ಕೇಳಿ, ಎರಡೂ ಸೊಂಟಗಳದ್ದು. ಪೆಟ್ಟಿಲ್ಲದೆ ಬಂದ ಎವಿಎನ್ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಎರಡೂ ಕಡೆ ಇರುತ್ತದೆ, ಮತ್ತು ಕಸಿಗೆ ಹೆಚ್ಚು ಅವಕಾಶ ಇರುವುದು ಇನ್ನೂ ನೋಯದ ಆ ಬದಿಯಲ್ಲೇ ಇರಬಹುದು.