ಬಡ ಶಾಲೆಗೆ ಕಂಪ್ಯೂಟರ್ ಬಂತು, ಟೀಚರ್‌ಗೆ ಪುರುಸೊತ್ತು ಬರಲಿಲ್ಲ

ಶಾಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಮಕ್ಕಳು ಉಚಿತ ಇಲ್ಲವೇ ರಿಯಾಯಿತಿ ದರದ ಊಟಕ್ಕೆ ಅರ್ಹರಾಗಿದ್ದರೆ ಅಮೆರಿಕದ ಸರ್ಕಾರಿ ಅಂಕಿಅಂಶಗಳಲ್ಲಿ ಅದು ಬಡತನ ತೀವ್ರವಾಗಿರುವ ಶಾಲೆ. ಇಂಥ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸಲು ಇವತ್ತು ಕೇಂದ್ರದ ಅನುದಾನ ಸಿಗುತ್ತದೆ. ಇಲ್ಲಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಹಣವೇ ಇರಲಿಲ್ಲ ಎನ್ನುವಂತಿಲ್ಲ. ಯಂತ್ರಕ್ಕೆ, ತಂತಿಗೆ ಸಲೀಸಾಗಿ ಬಿಚ್ಚಿದ ಗಂಟು ಟೀಚರ್‌ಗಳ ವಿಷಯ ಬಂದಾಗ ಬಿಗಿಯಾಗುತ್ತಿತ್ತು, ಅಷ್ಟೆ.

ಬಡ ಮಕ್ಕಳ ಶಾಲೆಗೆ ಕೇಂದ್ರದ ದುಡ್ಡು ದೊಡ್ಡ ಪ್ರಮಾಣದಲ್ಲಿ ಹರಿಯತೊಡಗಿದ್ದು 1965ರಲ್ಲಿ. ಆ ವರ್ಷದ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಸ್‌ನಲ್ಲಿ, ತಾವು ಓದಿದ್ದ ಒಂದೇ ಕೋಣೆಯ ಶಾಲೆಯ ಮುಂದೆ ಕೂತು, ತಮ್ಮ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅದರ ಮೊದಲ ಅಧ್ಯಾಯ 'ಟೈಟಲ್ ಒನ್' ಇಂದಿಗೂ ಬಡ ಶಾಲೆಗಳ ಜೀವನಾಡಿ.

ಅದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ಯಾಟ್ರಿಕ್ ಸಪೀಸ್ ಮಕ್ಕಳಿಗೆ ಕಂಪ್ಯೂಟರಿನಿಂದ ಲೆಕ್ಕ ಮಾಡಿಸುತ್ತಿದ್ದರು. ಟೆಲಿಟೈಪ್ ಯಂತ್ರ (ದೂರದ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ಟೈಪ್‌ರೈಟರ್) ಮೊದಲು ಮಗುವಿನ ಹೆಸರು ಕೇಳುತ್ತದೆ, ಆಮೇಲೆ ಒಂದು ಲೆಕ್ಕ ಅಚ್ಚು ಮಾಡುತ್ತದೆ. ಉತ್ತರ ತಪ್ಪಿದರೆ 'ಅಲ್ಲ, ಮತ್ತೆ ಪ್ರಯತ್ನಿಸು'. ತಡವಾದರೆ 'ಸಮಯ ಮುಗಿಯಿತು'. 1967–68ರಲ್ಲಿ ಇದು ಟೆಲಿಫೋನ್ ತಂತಿಯ ಮೂಲಕ ಮಿಸಿಸಿಪಿಯ ಮೆಕೋಂಬ್ ಶಾಲೆಗಳಿಗೂ ಹೋಯಿತು. 1967ರಲ್ಲಿ ಸಪೀಸ್ ಇದಕ್ಕೆಂದೇ ಒಂದು ಕಂಪನಿಯನ್ನೂ ಕಟ್ಟಿದರು. ಟೈಟಲ್ ಒನ್ ಶಾಲೆಗಳು ಅದರ ಮುಖ್ಯ ಗಿರಾಕಿಗಳಾದವು.

ಅದೇ 1967ರಲ್ಲಿ, ದೇಶದ ಇನ್ನೊಂದು ತುದಿಯಲ್ಲಿ, ಸೀಮೋರ್ ಪೇಪರ್ಟ್, ವಾಲಿ ಫ್ಯೂರ್‌ಝೈಗ್, ಸಿಂಥಿಯಾ ಸೋಲೊಮನ್ ಮಕ್ಕಳಿಗಾಗಿ 'ಲೋಗೊ' ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ: ಇದನ್ನೇ ನಾಲ್ಕು ಸಲ ಹೇಳಿದರೆ ಲೋಗೊದ 'ಆಮೆ', ಅಂದರೆ ಅಪ್ಪಣೆಯಂತೆ ಚಲಿಸಿ ಗೆರೆ ಎಳೆಯುವ ಗುರುತು, ಚೌಕ ಬಿಡಿಸುತ್ತದೆ. ಇಲ್ಲಿ ಅಪ್ಪಣೆ ಮಗುವಿನದು, ಪಾಲಿಸುವುದು ಯಂತ್ರ. ಸಪೀಸ್ ಪಾಠದಲ್ಲಿ ಅದು ತಿರುವುಮುರುವು. ಯಾವ ಮಕ್ಕಳಿಗೆ ಯಾವುದು ಸಿಕ್ಕಿತು ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕ ಹೆನ್ರಿ ಬೆಕರ್ 1980ರ ದಶಕದ ಆರಂಭದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅದು ಕಂಡೂಬಿಟ್ಟಿತು: ಬಡ ಶಾಲೆಗಳಲ್ಲಿ ಕಂಪ್ಯೂಟರ್ ಹೆಚ್ಚಾಗಿ ಉರುಹೊಡೆಸಲು, ಅನುಕೂಲಸ್ಥರ ಶಾಲೆಗಳಲ್ಲಿ ಪ್ರೋಗ್ರಾಮಿಂಗ್‌ಗೆ.

ನಂತರದ ಇಪ್ಪತ್ತು ವರ್ಷ ಸಾಮಾನು ಸರಂಜಾಮಿನ ಕಾಲ. 1983ರಲ್ಲಿ ಆಪಲ್ ಕಂಪನಿ ರಾಜ್ಯದ ತೆರಿಗೆ ವಿನಾಯಿತಿ ಪಡೆದು ಕ್ಯಾಲಿಫೋರ್ನಿಯಾದ ಸುಮಾರು 9,000 ಶಾಲೆಗಳಿಗೆ ತಲಾ ಒಂದು ಯಂತ್ರ ಹಂಚಿತು. 1996ರ ದೂರಸಂಪರ್ಕ ಕಾಯ್ದೆಯಿಂದ 'ಇ-ರೇಟ್' ಹುಟ್ಟಿತು: ಅತಿ ಬಡ ಶಾಲೆಗಳಿಗೆ ಇಂಟರ್ನೆಟ್ ವೆಚ್ಚದಲ್ಲಿ ಶೇ. 90ರವರೆಗೂ ರಿಯಾಯಿತಿ. ತಂತಿಯೇನೋ ಕ್ಲಾಸಿನ ಒಳಗೇ ಬಂತು. ಆದರೆ 2002ರಲ್ಲಿ ಜಾರಿಗೆ ಬಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅಂಕ ಕಡಿಮೆಯಾದರೆ ದಂಡನೆ ಟೈಟಲ್ ಒನ್ ಶಾಲೆಗಳಿಗೇ. ಪರೀಕ್ಷೆಗಿಲ್ಲದ ವಿಷಯ ವೇಳಾಪಟ್ಟಿಯಿಂದ ಜಾರಿಹೋಗಲು ಇನ್ನೇನು ಬೇಕು?

ಗಾಳಿ ತಿರುಗಿದ್ದು 2013ರ ಆಸುಪಾಸು, ಶಾಲೆಗಳಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸಬೇಕೆಂದು ಪ್ರಚಾರ ಮಾಡುವ ಲಾಭರಹಿತ ಸಂಸ್ಥೆ ಕೋಡ್.ಆರ್ಗ್ ಶುರುವಾದ ಮೇಲೆ. 2015ರಲ್ಲಿ ನ್ಯೂಯಾರ್ಕ್ ನಗರ ತನ್ನ ಶಾಲೆಗಳಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸಲು ಹತ್ತು ವರ್ಷಕ್ಕೆ 81 ಮಿಲಿಯನ್ ಡಾಲರ್ ಯೋಜನೆ ಪ್ರಕಟಿಸಿತು. ಅರ್ಧ ಹಣ ಖಾಸಗಿ ದಾನಿಗಳದು. ಅದೇ ಡಿಸೆಂಬರ್‌ನಲ್ಲಿ ಬಂದ ಹೊಸ ಶಿಕ್ಷಣ ಕಾಯ್ದೆ ಕಂಪ್ಯೂಟರ್ ಸೈನ್ಸನ್ನು ಸರ್ವಾಂಗೀಣ ಶಿಕ್ಷಣದ ಪಟ್ಟಿಗೆ ಸೇರಿಸಿತು. 2016ರ ಜನವರಿಯಲ್ಲಿ ಒಬಾಮ ಇದಕ್ಕಾಗಿ ರಾಜ್ಯಗಳಿಗೆಂದೇ 4 ಬಿಲಿಯನ್ ಡಾಲರ್ ಕೇಳಿದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೊಡಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್, ಶಿಕ್ಷಣ ಇಲಾಖೆ ಇರುವ ಅನುದಾನದಲ್ಲೇ ವರ್ಷಕ್ಕೆ ಕನಿಷ್ಠ 200 ಮಿಲಿಯನ್ ಡಾಲರನ್ನು ಕಂಪ್ಯೂಟರ್ ಸೈನ್ಸ್ ಸೇರಿದ ವಿಜ್ಞಾನ ಶಿಕ್ಷಣದ ಕಡೆ ತಿರುಗಿಸಬೇಕು ಎಂದರು. ಹೊಸ ಹಣವಲ್ಲ, ಹಳೆಯದಕ್ಕೇ ಹೊಸ ದಾರಿ. ವಿಚಿತ್ರವೆಂದರೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಅದು ಹರಿದ ಕಾಲುವೆಗಳಲ್ಲಿ ಒಂದು 'ಎಜುಕೇಶನ್ ಇನೊವೇಶನ್ ಅಂಡ್ ರಿಸರ್ಚ್' ಅನುದಾನ. ಶಾಲಾ ಜಿಲ್ಲೆಗಳೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಲಾಭರಹಿತ ಸಂಸ್ಥೆಗಳೂ ಅರ್ಜಿ ಹಾಕಬಹುದು. ಯೋಜನೆ ಅಗತ್ಯ ಹೆಚ್ಚಿರುವ ಮಕ್ಕಳಿಗಾಗಿ ಇರಬೇಕು. ಹೊರಗಿನ ಮೂಲದಿಂದ ಶೇ. 10 ಹಣ ಹೊಂದಿಸಬೇಕು. ಫಲಿತಾಂಶವನ್ನು ಸ್ವತಂತ್ರ ಸಂಶೋಧಕರು ಅಳೆಯಬೇಕು. ಅವಧಿ ಸಾಮಾನ್ಯವಾಗಿ ಐದು ವರ್ಷ. ಇಲ್ಲಿ ಹಣ ಹೆಚ್ಚಾಗಿ ಹೋಗುವುದು ಜನರಿಗೆ: ತರಬೇತಿ, ಪಕ್ಕದಲ್ಲಿ ನಿಂತು ತೋರಿಸಿಕೊಡುವ ಮಾರ್ಗದರ್ಶಿ, ಟೀಚರ್ ತರಬೇತಿಗೆ ಹೋದ ದಿನ ಕ್ಲಾಸು ನೋಡಿಕೊಳ್ಳುವ ಬದಲಿ ಶಿಕ್ಷಕರ ಸಂಬಳ. ಈ ಕೊನೆಯ ಬಾಬ್ತನ್ನು ನೋಡಿ ನಗುವವರು ಆ ಕೆಲಸ ಮಾಡಿ ನೋಡಿದವರಲ್ಲ.

ಯಾಕೆಂದರೆ ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಟೀಚರ್ ಎಲ್ಲ ಮುಖ್ಯ ವಿಷಯಗಳನ್ನೂ ಹೊರುತ್ತಾರೆ. ಕಂಪ್ಯೂಟರ್ ಸೈನ್ಸ್‌ಗೆ ಬೇರೆ ಪೀರಿಯಡ್ ಇಲ್ಲ. ಫ್ಲಾರಿಡಾದ ಬ್ರೋವರ್ಡ್ ಶಾಲಾ ಜಿಲ್ಲೆ ಅದಕ್ಕೊಂದು ಉಪಾಯ ಹೂಡಿತು: ಭಾಷಾ ಪಾಠಕ್ಕೆಂದು ಮೀಸಲಾದ ದೀರ್ಘ ಅವಧಿಯೊಳಗೇ ಕೋಡಿಂಗ್ ಸೇರಿಸಿತು. ಸ್ಕ್ರ್ಯಾಚ್ ಜೂನಿಯರ್‌ನಂಥ, ಪುಟ್ಟ ಮಕ್ಕಳ ಕೋಡಿಂಗ್ ಆ್ಯಪ್‌ನಲ್ಲಿ ಈ ಬೆರಕೆ ಹೇಗಿರುತ್ತದೆ ಎಂದು ಸುಲಭವಾಗಿ ಕಾಣುತ್ತದೆ. ಓದಲು ಇನ್ನೂ ಬಾರದ ಮಗುವೂ ಒಂದೊಂದು ಅಪ್ಪಣೆ ಹೊತ್ತ ಬಣ್ಣದ ತುಂಡುಗಳನ್ನು ಸಾಲಾಗಿ ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ನಡೆಸಬಹುದು, ಮಾತಾಡಿಸಬಹುದು, ಪುಟ ತಿರುಗಿಸಬಹುದು. ಕತೆ ಅನುಕ್ರಮ ತಪ್ಪಿದರೆ ಬೆಕ್ಕೂ ತಪ್ಪುತ್ತದೆ.

2025ರ ಏಪ್ರಿಲ್‌ನಲ್ಲಿ ಬಂದ ಅಧ್ಯಕ್ಷೀಯ ಆದೇಶ ಅನುದಾನದ ಆದ್ಯತೆಯನ್ನು ಕೃತಕ ಬುದ್ಧಿಮತ್ತೆಯ ಕಡೆ ಹೊರಳಿಸಿದೆ. ಟೀಚರ್‌ಗಳ ತರಬೇತಿಯ ಮಾತೂ ಅದರಲ್ಲಿದೆ. ಆದರೆ ಮೂರನೇ ತರಗತಿಯ ಪರೀಕ್ಷೆ ಈಗಲೂ ಓದು ಮತ್ತು ಗಣಿತದ್ದೇ.